ಪೊಟ್ಟಣದ ಕಾಗದ, ಸುಲ್ತಾನಳ ಕನಸು

ಒಂಬತ್ತನೇ ತರಗತಿಯ ಮಕ್ಕಳಿಗೆ ವೈಜ್ಞಾನಿಕ ಕತೆಗಳನ್ನು ಓದಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಹೆಡ್‌ಮಾಸ್ಟರು, “ಪೋರ್ಷನ್ ಮುಗಿಸಿ ಆಮೇಲೆ ಏನಾದರೂ ಮಾಡಿಕೊಳ್ಳಿ ಮೇಡಂ” ಎಂದು ಶನಿವಾರದ ಕೊನೆಯ ಪೀರಿಯಡ್ಡನ್ನು ಬಿಟ್ಟುಕೊಟ್ಟರು. ಮೊದಲ ದಿನ ಪಾಠ ಬೇಡ, ಇವರೆಲ್ಲ ಯಾವ ಓದಿನಿಂದ ಬಂದವರು ಎಂದು ತಿಳಿಯೋಣ ಅನ್ನಿಸಿತು. ಈವರೆಗೆ ಏನೇನು ಓದಿದ್ದೀರಿ, ಒಬ್ಬೊಬ್ಬರೇ ಎದ್ದು ಹೇಳಿ ಎಂದೆ.

ಗಂಡುಹುಡುಗರು ಓದಿದ್ದಕ್ಕಿಂತ ನೋಡಿದ್ದೇ ಹೆಚ್ಚು. ಒಬ್ಬ ತೆನಾಲಿ ರಾಮಕೃಷ್ಣನ ಕತೆ ಎಂದ. ಬ್ಯಾಂಕ್ ಮ್ಯಾನೇಜರ ಮಗಳು ಜೂಲ್ಸ್ ವರ್ನ್‌ನ ಎಂಬತ್ತು ದಿನದ ಭೂಪ್ರದಕ್ಷಿಣೆಯನ್ನು ಇಂಗ್ಲಿಷಿನಲ್ಲಿ ಓದಿದ್ದಳು. ಇನ್ನೊಬ್ಬಳು ಎದ್ದು, “ನಮ್ಮಜ್ಜಿ ಪುಷ್ಪಕ ವಿಮಾನದ ಕತೆ ಹೇಳ್ತಾರೆ. ಅದೂ ಸೈನ್ಸ್ ಫಿಕ್ಷನ್ನೇ ಅಲ್ವಾ ಮಿಸ್?” ಎಂದು ನನ್ನನ್ನೇ ಸಿಕ್ಕಿಸಿದಳು. ಅದು ಯಾವ ಶಕ್ತಿಯಿಂದ ಹಾರಿತು ಎಂದು ಯಾರಾದರೂ ಕೇಳಿ, ಅದಕ್ಕೊಂದು ಉತ್ತರ ಕಲ್ಪಿಸಲು ಹೊರಟರೆ ಆಗ ಅದು ನಮ್ಮ ತರಗತಿಗೆ ಬರುತ್ತದಮ್ಮ ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕೊನೆಯ ಬೆಂಚಿನ ಹುಡುಗಿ ತಲೆ ತಗ್ಗಿಸಿ ನಿಂತಳು. “ನಾನೇನೂ ಓದಿಲ್ಲ ಮಿಸ್.” ನಾಲ್ಕಾರು ಜನ ಕಿಸಕ್ಕೆಂದರು. ಬಿಡದೆ ಕೇಳಿದಾಗ ಹೊರಬಂತು: ಅವರದ್ದು ಚಿಲ್ಲರೆ ಅಂಗಡಿ. ಪೊಟ್ಟಣ ಕಟ್ಟಲು ಸೇರುಗಟ್ಟಲೆ ಹಳೆಯ ಪತ್ರಿಕೆ ಬರುತ್ತದೆ. ಹರಿಯುವ ಮೊದಲು ಇವಳು ಓದುತ್ತಾಳೆ. ಕತೆ ಅರ್ಧಕ್ಕೆ ನಿಂತರೆ ಉಳಿದದ್ದನ್ನು ತಾನೇ ಕಟ್ಟಿಕೊಳ್ಳುತ್ತಾಳೆ. ಮನೆಗೆ ಕತೆಪುಸ್ತಕ ತರುವಂತಿಲ್ಲ, ಹೆಣ್ಣುಮಕ್ಕಳ ತಲೆ ಕೆಡುತ್ತದೆ ಎಂದು ಅಪ್ಪ ಬೈಯುತ್ತಾರೆ.

ನನಗೆ ನಗು ಬರಲಿಲ್ಲ. ಸಾಮಾನು ಡಬ್ಬಿಗೆ ಸುರಿದ ಮೇಲೆ ನಮ್ಮಮ್ಮನೂ ಪೊಟ್ಟಣದ ಕಾಗದವನ್ನು ಅಂಗೈಯಲ್ಲಿ ನೀವಿ, ಒಲೆಯ ಬೆಳಕಿಗೆ ಹಿಡಿದು ಓದುತ್ತಿದ್ದಳು. ನಾನು ಪಕ್ಕದ ಮನೆಯಿಂದ ಚಂದಮಾಮ ತರುತ್ತಿದ್ದೆ. ದೊಡ್ಡವಳಾದ ಮೇಲೆ ಬಾಡಿಗೆ ಲೈಬ್ರರಿಯ ಕಾದಂಬರಿಯನ್ನು ಸಮಾಜ ಪುಸ್ತಕದೊಳಗಿಟ್ಟು ಓದಿದೆ. ಕದ್ದು ಓದುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲವಲ್ಲ!

ಅಂದು ಹೇಳಬೇಕೆಂದಿದ್ದ ವರ್ನ್‌ನನ್ನು ಪಕ್ಕಕ್ಕಿಟ್ಟು ರುಕಿಯಾ ಸಖಾವತ್ ಹುಸೇನ್ ಎಂಬಾಕೆಯ ಕತೆ ತೆಗೆದೆ. ಈಕೆ 1880ರಲ್ಲಿ, ಈಗಿನ ಬಾಂಗ್ಲಾದೇಶದ ರಂಗಪುರ ಸೀಮೆಯ ಪೈರಾಬಂದ್ ಎಂಬ ಹಳ್ಳಿಯಲ್ಲಿ, ಜಮೀನ್ದಾರರ ಮನೆಯಲ್ಲಿ ಹುಟ್ಟಿದವಳು. ಗಂಡುಮಕ್ಕಳನ್ನು ಓದಲು ಕಲ್ಕತ್ತೆಗೆ ಕಳಿಸಿದ ತಂದೆ, ಹೆಣ್ಣುಮಕ್ಕಳು ಬಂಗಾಳಿ, ಇಂಗ್ಲಿಷು ಕಲಿಯುವುದನ್ನು ಒಪ್ಪಲಿಲ್ಲ. ಹೊರಗಿನ ಹೆಂಗಸರ ಎದುರೂ ಪರದೆ. ಅಕ್ಕ ಕರೀಮುನ್ನೀಸಾ ಬಂಗಾಳಿಗೆ ಒತ್ತಾಸೆಯಾದಳು. ರಾತ್ರಿ ತಂದೆ ಮಲಗಿದ ಮೇಲೆ ಅಣ್ಣ ಇಬ್ರಾಹಿಂ ಸಾಬೇರ್ ಮೇಣದಬತ್ತಿ ಹಚ್ಚಿಕೊಂಡು ಇಂಗ್ಲಿಷ್ ಕಲಿಸಿದ. ಇಷ್ಟು ಹೇಳುವಾಗ ಕೊನೆಯ ಬೆಂಚು ತಲೆಯೆತ್ತಿತ್ತು.

ಹದಿಹರೆಯದಲ್ಲೇ ಬಿಹಾರದ ಭಾಗಲ್ಪುರದ ಡೆಪ್ಯುಟಿ ಮ್ಯಾಜಿಸ್ಟ್ರೇಟರೊಂದಿಗೆ ಮದುವೆಯಾಯಿತು. ಆತನಿಗೆ ಅದು ಎರಡನೇ ಸಂಬಂಧ, ವಯಸ್ಸಿನಲ್ಲಿಯೂ ಬಹಳ ದೊಡ್ಡವನು. ಆದರೆ ಹೆಂಡತಿಯ ಓದಿಗೆ ಅಡ್ಡ ಬರಲಿಲ್ಲ. ಆತ ಸರ್ಕಿಟ್ ಹೋಗಿದ್ದಾಗ, ಒಬ್ಬಳೇ ಇದ್ದ ಬೇಸರ ಕಳೆಯಲು ಈಕೆ ಇಂಗ್ಲಿಷಿನಲ್ಲಿ ‘ಸುಲ್ತಾನಾಸ್ ಡ್ರೀಮ್’ ಬರೆದಳು. ಊರಿಂದ ಬಂದ ಗಂಡ ಅದನ್ನು ನಿಂತ ನಿಲುವಿನಲ್ಲೇ ಓದಿ ಮುಗಿಸಿ, ಇದೊಂದು ಭಯಂಕರ ಸೇಡು ಎಂದು ಮೆಚ್ಚಿದನಂತೆ. 1905ರಲ್ಲಿ ಅಚ್ಚಾದದ್ದು ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಝೀನ್’ನಲ್ಲಿ. ಕಮಲಾ ಸತ್ಯನಾಥನ್ 1901ರಿಂದ ನಡೆಸುತ್ತಿದ್ದ ಪತ್ರಿಕೆಯದು. ಆಗ ಮಂಗಳೂರು, ಬಳ್ಳಾರಿಗಳೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವು, ಹಾಗಾಗಿ ತೀರ ದೂರದ ಕತೆಯೇನೂ ಅಲ್ಲ.

ಅದಕ್ಕೂ ಮೊದಲೇ, 1896ರಲ್ಲಿ, ಜಗದೀಶಚಂದ್ರ ಬೋಸರು ಬಂಗಾಳಿಯಲ್ಲಿ ಇಂಥದೊಂದು ಕತೆ ಬರೆದಿದ್ದರು. ಸಮುದ್ರಕ್ಕೆ ಸುರಿದ ಒಂದು ಬಾಟಲಿ ತಲೆಗೂದಲಿನ ಎಣ್ಣೆ ಚಂಡಮಾರುತವನ್ನೇ ಅಡಗಿಸುವ ಕತೆ. ಬಹುಮಾನ ಕೊಟ್ಟವರೂ ಎಣ್ಣೆ ಕಂಪನಿಯವರೇ! ಮಕ್ಕಳು ಹೊಟ್ಟೆ ಹಿಡಿದು ನಕ್ಕರು.

ರುಕಿಯಾಳ ಕತೆಯಲ್ಲಿ ಗಂಡಸರು ಒಳಮನೆಯ ಪರದೆಯಲ್ಲಿ, ಹೆಂಗಸರು ಬೀದಿಯಲ್ಲಿ. ಹೆಂಗಸರ ವಿಶ್ವವಿದ್ಯಾಲಯದವರು ಬಲೂನು ಹಾರಿಸಿ ಮೋಡದಿಂದ ನೀರು ಇಳಿಸಿಕೊಳ್ಳುತ್ತಾರೆ, ಇನ್ನೊಂದರವರು ಬಿಸಿಲಿನ ಕಾವನ್ನು ಕೂಡಿಡುತ್ತಾರೆ. ಶತ್ರುಸೈನ್ಯ ಓಡಿಹೋಗುವುದೂ ಆ ಕಾವಿಗೇ. ಅಲ್ಲಿ ಕಚೇರಿಯ ಕೆಲಸ ದಿನಕ್ಕೆ ಎರಡೇ ಗಂಟೆ. ಯಾಕೆಂದರೆ ಗಂಡಸೊಬ್ಬ ದಿನಕ್ಕೆ ಹನ್ನೆರಡು ಚುಟ್ಟಾ ಸೇದಿದರೆ, ಒಂದಕ್ಕೆ ಅರ್ಧ ಗಂಟೆಯಂತೆ ಎಷ್ಟು ಹೊತ್ತು ಹಾಳು? ಆರು ಗಂಟೆ ಎಂದು ಇಡೀ ತರಗತಿ ಕೂಗಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ಇಣುಕಿ ಹೋದರು.

ನನಗೆ ಆ ಕತೆಯಲ್ಲಿ ಎಲ್ಲಕ್ಕಿಂತ ಇಷ್ಟ ಅಡಿಗೆಮನೆ. ತರಕಾರಿ ತೋಟದ ನಡುವೆ, ಇದ್ದಿಲಿಲ್ಲ, ಹೊಗೆಯಿಲ್ಲ, ಹೂವಿನ ಅಲಂಕಾರ ಬೇರೆ. ಕೊಳವೆಯಲ್ಲಿ ಬರುವ ಬಿಸಿಲಿನಿಂದಲೇ ಬೇಯುವುದು. ಹಾರುವ ಗಾಡಿಯನ್ನು ಯಾರಾದರೂ ಬರೆದಾರು. ಒಲೆಯ ಹೊಗೆಗೆ ಕಣ್ಣುಜ್ಜಿದವರನ್ನು ಕಂಡವಳೇ ಇದನ್ನು ಬರೆಯಬೇಕು. ನಮ್ಮಮ್ಮನ ಕೆಮ್ಮು ನನಗೆ ಈಗಲೂ ಕೇಳಿಸುತ್ತದೆ.

ಗಂಡ 1909ರಲ್ಲಿ ತೀರಿಕೊಂಡ. ಅದೇ ವರ್ಷ ಆಕೆ ಭಾಗಲ್ಪುರದಲ್ಲಿ ಐದು ಹುಡುಗಿಯರ ಶಾಲೆ ತೆರೆದಳು. ಅಲ್ಲಿ ನಿಲ್ಲಲಾಗಲಿಲ್ಲ. 1911ರಲ್ಲಿ ಕಲ್ಕತ್ತೆಯಲ್ಲಿ ಎಂಟು ಹುಡುಗಿಯರೊಂದಿಗೆ ಮತ್ತೆ ಶುರು. ಮನೆಮನೆಗೆ ಹೋಗಿ ಮಗಳನ್ನು ಕಳಿಸಿ ಎಂದು ಕೇಳಿಕೊಂಡಳು. 1932ರಲ್ಲಿ ಸಾಯುವವರೆಗೂ ಶಾಲೆಯೇ ಅವಳ ಸಂಸಾರವಾಗಿತ್ತು. ಮೂವತ್ತು ವರ್ಷದ ಟೀಚರಿಕೆಯಲ್ಲಿ ನಾನೂ ಕೆಲವು ಮನೆಗಳ ಜಗಲಿಯಲ್ಲಿ ಹಾಗೆ ಕೂತು ಬಂದಿದ್ದೇನೆ. ಕೆಲವು ಕಡೆ ಕಾಫಿ ಸಿಕ್ಕಿತು, ಹುಡುಗಿ ಶಾಲೆಗೆ ಬರಲಿಲ್ಲ.

ಬೆಲ್ಲು ಹೊಡೆದ ಮೇಲೆ ಕೊನೆಯ ಬೆಂಚಿನವಳು ನಿಧಾನಕ್ಕೆ ಬಂದಳು. ಆ ಕತೆಯನ್ನು ನಾನು ನನಗೋಸ್ಕರ ಕನ್ನಡಕ್ಕೆ ಇಳಿಸಿಕೊಂಡಿದ್ದ ನೋಟ್‌ಬುಕ್ ಮೇಜಿನ ಮೇಲಿತ್ತು. ಬಾಯಿಬಿಟ್ಟು ಕೇಳಲಿಲ್ಲ. ನಾನೇ ಕೊಟ್ಟೆ. ರಟ್ಟಿನ ಮೇಲೆ ಲೇಬಲ್ ಅಂಟಿಸಿ ‘ವಿಜ್ಞಾನ’ ಎಂದು ಬರೆದೆ. ಸುಳ್ಳೇನಲ್ಲವಲ್ಲ.

ಮುಂದಿನ ಶನಿವಾರ ತಂದುಕೊಟ್ಟಳು. ಅಡಿಗೆಮನೆಯ ಪುಟದಲ್ಲಿ ಅರಿಸಿನದ ಬೆರಳಚ್ಚು. “ಮಿಸ್, ಅಮ್ಮ ಕೇಳಿದ್ರು,” ಎಂದಳು, “ಆ ಬಿಸಿಲಿನ ಒಲೆ ಈಗ ಸಿಗುತ್ತಾ? ಎಷ್ಟಾಗುತ್ತಂತೆ?”