ಕಾರ್ಟೂನ್ ಕಥೆ, ಭಾಗ 4: ಟಾಮ್‌ಗೆ ಭಾಷೆ ಬೇಕಿರಲಿಲ್ಲ

"ನಮ್ ಕಾಲದ ಕಾರ್ಟೂನೇ ಕಾರ್ಟೂನು, ಈಗಿನವೆಲ್ಲ ಕಸ." ಈ ಡೈಲಾಗ್ ನಿಮ್ಮನೇಲೂ ಯಾರಾದ್ರೂ ಹೊಡೆದಿರ್ತಾರೆ. ನಮ್ಮನೇಲಿ ಚಿಕ್ಕಪ್ಪನ ಪಾಲು ಅದು. ಹೋದ ವಾರ ತಮ್ಮ ಮೋಟು ಪತ್ಲು ಹಾಕ್ಕೊಂಡು ಕೂತಿದ್ದಾಗ ಮತ್ತೆ ಶುರು ಆಯ್ತು. ಸರಿ, ಈ ಭಾಗದಲ್ಲಿ ಅದನ್ನೇ ನೋಡಿಬಿಡೋಣ.

ಟಾಮ್ ಅಂಡ್ ಜೆರ್ರಿಯಿಂದ ಶುರು ಮಾಡ್ತೀನಿ. ಅದು ಟಿವಿಗೋಸ್ಕರ ಮಾಡಿದ್ದೇ ಅಲ್ಲ, ಗೊತ್ತಾ? 1940ರಲ್ಲಿ ಎಂಜಿಎಂ ಸ್ಟುಡಿಯೋದಲ್ಲಿ ವಿಲಿಯಂ ಹಾನಾ ಮತ್ತು ಜೋಸೆಫ್ ಬಾರ್ಬೆರಾ ಥಿಯೇಟರ್‌ಗೆ ಅಂತ ಶುರು ಮಾಡಿದ ಪುಟ್ಟ ಚಿತ್ರಗಳವು. ಒಂದೊಂದೂ ಏಳೆಂಟು ನಿಮಿಷ ಅಷ್ಟೇ. ಆದರೆ ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್, ಹಾಗಾಗಿ ಒಂದು ಚಿತ್ರಕ್ಕೆ ಸಾವಿರಾರು ರೇಖಾಚಿತ್ರಗಳನ್ನ ಕೈಯಲ್ಲೇ ಬರೀಬೇಕಿತ್ತು. ಈ ಸರಣಿಗೆ 7 ಆಸ್ಕರ್ ಬಂತು. ಬಂದಿದ್ದು ಸುಮ್ನೆ ಅಲ್ಲ.

1957ರಲ್ಲಿ ಎಂಜಿಎಂ ಆ ವಿಭಾಗವನ್ನೇ ಮುಚ್ಚಿತು. ಕೆಲಸ ಹೋದ ಇಬ್ಬರೂ ಟಿವಿ ಕಡೆ ಬಂದ್ರು. ಅಲ್ಲಿ ದುಡ್ಡು ತೀರಾ ಕಮ್ಮಿ, ವಾರವಾರ ಕಂತು ಬೇರೆ ಕೊಡಬೇಕು. ಏನ್ ಮಾಡಿದ್ರು ನೋಡಿ: ಯೋಗಿ ಬೇರ್ ಅನ್ನೋ ಕರಡಿಗೆ ಕಾಲರ್, ಟೈ ಹಾಕಿದ್ರು. ಕಾಡಿನ ಕರಡಿಗೆ ಟೈ ಯಾಕೆ? ಕಾಲರ್ ಇದ್ರೆ ಅದೇ ಗೆರೆಯಲ್ಲಿ ತಲೆ ಬೇರೆ, ದೇಹ ಬೇರೆ ಮಾಡಬಹುದು. ಮಾತಾಡುವಾಗ ತಲೆ ಮಾತ್ರ ಹೊಸದಾಗಿ ಬರೆದರೆ ಸಾಕು, ಮೈ ಹಾಗೇ ಇರುತ್ತೆ. 1960ರಲ್ಲಿ ಬಂದ ಫ್ಲಿಂಟ್‌ಸ್ಟೋನ್ಸ್‌ನಲ್ಲಿ ಓಡೋ ಸೀನ್ ಗಮನಿಸಿ, ಹಿಂದೆ ಅದೇ ಮನೆ, ಅದೇ ಕಿಟಕಿ ತಿರುಗಿ ತಿರುಗಿ ಬರ್ತಿರುತ್ತೆ. ಅಂದ್ರೆ ಚಿಕ್ಕಪ್ಪ ಬೈಯೋ 'ಅಗ್ಗದ ಕೆಲಸ' ಅವರ 'ಒಳ್ಳೇ ಕಾಲ'ಕ್ಕಿಂತ ಹಳೇದು!

ಆ ಒಳ್ಳೇ ಕಾಲ ಅಂದ್ರೆ 1993, ದೂರದರ್ಶನ, ಭಾನುವಾರ ಬೆಳಿಗ್ಗೆ, ಮೋಗ್ಲಿ. ಮಾಡಿದ್ದು ಜಪಾನಿನ ನಿಪ್ಪಾನ್ ಆ್ಯನಿಮೇಷನ್, ಕಥೆ ಕಿಪ್ಲಿಂಗ್‌ದು, ನಮಗೆ ಬಂದಿದ್ದು ಹಿಂದಿಯಲ್ಲಿ. ಶೇರ್ ಖಾನ್‌ಗೆ ದನಿ ಕೊಟ್ಟಿದ್ದು ನಾನಾ ಪಾಟೇಕರ್, ಸಂಗೀತ ವಿಶಾಲ್ ಭಾರದ್ವಾಜ್. ಈಗಿನ ಛೋಟಾ ಭೀಮ್ ಹೈದರಾಬಾದಿನ ಗ್ರೀನ್ ಗೋಲ್ಡ್ ಕಂಪನಿಯದ್ದು, 2008ರಲ್ಲಿ ಪೋಗೋದಲ್ಲಿ ಶುರುವಾಗಿದ್ದು. ಯಾವುದು ಹೆಚ್ಚು 'ನಮ್ಮದು' ಅಂತ ಚಿಕ್ಕಪ್ಪನ್ನ ಕೇಳಿದೆ. ಕಾಫಿ ಕುಡಿಯೋಕೆ ಎದ್ದು ಹೋದರು.

ಆದ್ರೂ ಒಂದು ವಿಷಯದಲ್ಲಿ ಅವರ ಕಡೆ ವೋಟು ಹಾಕ್ತೀನಿ. ಮೋಗ್ಲಿ 52 ಕಂತಿನಲ್ಲಿ ಬೆಳೀತಾನೆ, ಕಲೀತಾನೆ. ಭೀಮ್ ಇಷ್ಟು ವರ್ಷವಾದ್ರೂ ಲಡ್ಡು ತಿಂದು ಗೆಲ್ತಾನೇ ಇದ್ದಾನೆ. ಕಥೆ ಅಂತ ನೋಡಿದ್ರೆ ನನಗೆ ಸಪ್ಪೆ.

ಈಗ ನನಗೆ ನಿಜವಾಗಿ ಹೇಳಬೇಕಾಗಿರೋದು. ಕಾರ್ಟೂನ್ ನೆಟ್‌ವರ್ಕ್ 1995ರಲ್ಲಿ ಭಾರತಕ್ಕೆ ಬಂತು. ಮೊದಲು ಇಂಗ್ಲಿಷ್, ಆಮೇಲೆ ಹಿಂದಿ, ತಮಿಳು, ತೆಲುಗು. ಕನ್ನಡ? ನಮ್ಮಲ್ಲಿ 1960ರ ದಶಕದ ಚಳವಳಿಯಿಂದ ಡಬ್ಬಿಂಗ್ ನಿಂತುಹೋಗಿತ್ತು. ಕಾನೂನಲ್ಲ, ಚಿತ್ರರಂಗದ ಒಳಗಿನ ಕಟ್ಟುಪಾಡು. ಆಗ ಕನ್ನಡ ಸಿನಿಮಾ ತುಂಬಾ ಚಿಕ್ಕದಿತ್ತು, ಡಬ್ಬಿಂಗ್ ಚಿತ್ರಗಳ ಮುಂದೆ ಉಳಿಯಲ್ಲ ಅನ್ನೋ ಭಯಕ್ಕೆ ಅರ್ಥವಿತ್ತು. ಆದರೆ ಅದರ ನೆರಳು ನಮ್ಮಂಥ ಮಕ್ಕಳ ಮೇಲೂ ಬಿತ್ತು. ಸ್ಪರ್ಧಾ ಆಯೋಗ ಈ ಕಟ್ಟುಪಾಡು ತಪ್ಪು ಅಂತ ಹೇಳಿದ್ದು 2015ರಲ್ಲಿ.

ಅದಕ್ಕೂ ಮುಂಚೆ ಒಂದು ಕಿಟಕಿ ತೆರೀತು. ತಮಿಳಿನ ಚುಟ್ಟಿ ಟಿವಿ 2007ರಲ್ಲಿ ಬಂದಿತ್ತು, 2009ರಲ್ಲಿ ನಮ್ಮ ಚಿಂಟು ಟಿವಿ. ನಾನಾಗ ಇನ್ನೂ ಸ್ಕೂಲಿಗೇ ಸೇರಿರಲಿಲ್ಲ. ಅಲ್ಲಿವರೆಗೆ ಅಜ್ಜಿ ನಮ್ಮ ಜೊತೆ ಕೂತು ನೋಡ್ತಿದ್ದಿದ್ದು ಟಾಮ್ ಅಂಡ್ ಜೆರ್ರಿ ಒಂದೇ. ಅದರಲ್ಲಿ ಮಾತೇ ಇಲ್ಲವಲ್ಲ! ಚಿಂಟುವಿನಲ್ಲಿ ಡೋರಾ ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯ್ತಾ ಕಣ್ಣು ಮಿಟುಕಿಸ್ತಿದ್ಲು. ಅಜ್ಜಿ ಅಡುಗೆಮನೆಯಿಂದಲೇ "ಹಿಂದುಗಡೆ ಇದೆ ನೋಡೇ ಮಗಾ!" ಅಂತ ಕೂಗೋರು. ನಮಗಿಂತ ಮುಂಚೆ.

ತಮ್ಮನಿಗೆ ಹಿಂದಿ ಚಾನೆಲ್‌ಗಳೇ ಅಭ್ಯಾಸ. ಆಟದಲ್ಲಿ ಬಿದ್ದರೂ "ಬಚಾವೋ!" ಅಂತಾನೆ. ಮೊನ್ನೆ ಅಜ್ಜಿ ಅವನ ಪಕ್ಕ ಕೂತು, "ಆ ದಪ್ಪಣ್ಣ ಏನಂದ್ನೋ?" ಅಂತ ಕೇಳಿದ್ರು. ಅವನು "ಸಮೋಸ ಬೇಕಂತೆ" ಅಂದ. ಇನ್ನೊಂದು ಸಲ ಕೇಳಿದ್ರು, "ಅದೇ ಅಜ್ಜಿ, ಸಮೋಸ" ಅಂದ. ಮೂರನೇ ಸಲ ಅಜ್ಜಿ ಕೇಳಲಿಲ್ಲ, ಬತ್ತಿ ಹೊಸೆಯೋಕೆ ಶುರು ಮಾಡಿದ್ರು.

ನಿಮ್ಮನೇಲಿ ಯಾವ ಭಾಷೇಲಿ ಓಡ್ತಿತ್ತು? ಜೊತೆಗೆ ಯಾರು ಕೂತಿರ್ತಿದ್ರು? ಕೆಳಗೆ ಬರೀರಿ. ಭಾಗ 5ರಲ್ಲಿ ಶಕ್ತಿಮಾನ್.