ನರಕವೇಕೆ ಇದೆ? ಕೊಪ್ಪಳದ ಬಂಡೆಯಿಂದ ಬಸ್ರಾದವರೆಗೆ ಒಂದು ಪ್ರಶ್ನೆಯ ಇತಿಹಾಸ

ಅಳವಂಡಿಯ ನಮ್ಮ ಮಕ್ತಬಿನಲ್ಲಿ ಪರಲೋಕದ ಪಾಠ ನಡೆದಿತ್ತು. ಕಬರ್, ಪುನರುತ್ಥಾನ, ಕರ್ಮಗಳ ತಕ್ಕಡಿ, ಸಿರಾತ್ ಸೇತುವೆ ಎಲ್ಲವನ್ನೂ ಹೇಳಿ ನರಕಾಗ್ನಿಯ ವರ್ಣನೆಗೆ ಬಂದಿದ್ದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಹಜರತ್, ನಮ್ಮ ಬಾಜೂ ಮನಿ ಅಜ್ಜಿ ಹೋದ ವಾರ ತೀರ್ಕೊಂಡ್ರು. ರಮಜಾನದಾಗ ದಿನಾ ನಮ್ಮನಿಗೆ ಹಾಲು ಕೊಟ್ಟು ಕಳಸ್ತಿದ್ರು. ಅವರೂ ಬೆಂಕ್ಯಾಗ ಇರ್ತಾರೇನ್ರಿ? ಅಲ್ಲಾಹ್ ರಹ್ಮಾನ್ ಅಂತೀರಿ, ಮತ್ತ ನರಕ ಯಾಕ ಮಾಡ್ಯಾನ್ರಿ?" ಎಂದು ಕೇಳಿದಳು. ಹೊತ್ತಾಯಿತು, ನಾಳೆ ಹೇಳುತ್ತೇನೆಂದು ಅವಳನ್ನು ಕೂರಿಸಿದೆ. ಹೊತ್ತಾಗಿರಲಿಲ್ಲ, ಉತ್ತರ ಸಿದ್ಧವಿರಲಿಲ್ಲ.

ಆ ರಾತ್ರಿ ಪುಸ್ತಕಗಳನ್ನು ತೆರೆದು ಕುಳಿತಾಗ ಒಂದು ವಿಷಯ ಮನಸ್ಸಿಗೆ ಬಂತು. ಈ ಪ್ರಶ್ನೆ ಹೊಸದಲ್ಲ. ನಾವು ವಾಸಿಸುವ ಈ ಸೀಮೆಯಲ್ಲಿಯೇ ಎರಡು ಸಾವಿರ ವರ್ಷಗಳಿಂದ ಬೇರೆ ಬೇರೆ ಧರ್ಮಗಳ ಜನರು ಇದಕ್ಕೆ ಉತ್ತರ ಹುಡುಕಿದ್ದಾರೆ.

ಕೊಪ್ಪಳದ ಗವಿಮಠದ ಬೆಟ್ಟದ ಮೇಲೆ ಸಾಮ್ರಾಟ ಅಶೋಕನ ಶಾಸನವಿದೆ. ಜಾತ್ರೆಗೆ ಹೋದವರಲ್ಲಿ ಎಷ್ಟೋ ಜನ ಅದನ್ನು ನೋಡದೆಯೇ ಮರಳುತ್ತಾರೆ. ನಿಜಾಮ ಸರ್ಕಾರದ ಪ್ರಾಚ್ಯವಸ್ತು ಇಲಾಖೆಯು ಗವಿಮಠ ಮತ್ತು ಪಾಲ್ಕಿಗುಂಡಿನ ಈ ಶಾಸನಗಳನ್ನು 1932ರಲ್ಲಿ ಪ್ರಕಟಿಸಿತು. ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿರುವ ಈ ಬರಹದಲ್ಲಿ ಅಶೋಕನು ತಾನು ಎರಡೂವರೆ ವರ್ಷದಿಂದ ಉಪಾಸಕನಾಗಿರುವುದನ್ನು ಹೇಳಿ, ಸ್ವರ್ಗವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವನೂ ಅದನ್ನು ಪಡೆಯಬಲ್ಲನೆಂದು ಸಾರುತ್ತಾನೆ. ನರಕದ ಹೆಸರನ್ನು ಅವನು ಇಲ್ಲಿ ಎತ್ತುವುದೇ ಇಲ್ಲ. ವಿಚಿತ್ರವೆಂದರೆ, ಅವನ ಹೆಸರಿನ ಸುತ್ತ ಬೆಳೆದ ಬೌದ್ಧ ಕಥೆಗಳಲ್ಲಿ ಅವನೇ ಪಾಟಲಿಪುತ್ರದಲ್ಲಿ ಜನರನ್ನು ಹಿಂಸಿಸಲು ನರಕದ ಮಾದರಿಯ ಸೆರೆಮನೆಯೊಂದನ್ನು ಕಟ್ಟಿಸಿದ್ದನು, ಆಮೇಲೆ ಪಶ್ಚಾತ್ತಾಪಪಟ್ಟು ಕೆಡವಿಸಿದನು ಎಂದಿದೆ. ಕಥೆ ನಿಜವೋ ಅಲ್ಲವೋ, ನರಕವನ್ನು ಕಟ್ಟುವ ಅಧಿಕಾರ ಮನುಷ್ಯನ ಕೈಗೆ ಬಂದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಅಶೋಕನ ನಂತರ ಇದೇ ಊರು ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಯಿತು. ಪಾಲ್ಕಿಗುಂಡಿನ ಬಳಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಕೆತ್ತಿಸಿದ್ದಾನೆ. ಏಳನೆಯ ಶತಮಾನದ ಈ ಆಚಾರ್ಯರು ಸಂಸ್ಕೃತದಲ್ಲಿ 'ವರಾಂಗಚರಿತ'ವನ್ನು ಬರೆದವರು. ಆ ಕಾವ್ಯದಲ್ಲಿ ಕರ್ಮದ ಬಗೆಗಳ ಜೊತೆಗೆ ನರಕಗತಿಯ ದೀರ್ಘ ವಿವರಣೆಯಿದೆ. ಜೈನರ ಪ್ರಕಾರ ರತ್ನಪ್ರಭೆಯಿಂದ ಮಹಾತಮಃಪ್ರಭೆಯವರೆಗೆ ಕೆಳಕೆಳಗೆ ಏಳು ನರಕಭೂಮಿಗಳಿವೆ. ಅಲ್ಲಿಗೆ ಕಳಿಸುವ ನ್ಯಾಯಾಧೀಶನಿಲ್ಲ. ಸೃಷ್ಟಿಕರ್ತನೆಂಬುವನನ್ನೇ ಅವರು ಒಪ್ಪುವುದಿಲ್ಲ. ಕಲ್ಲನ್ನು ಮೇಲೆಸೆದರೆ ಕೆಳಗೆ ಬೀಳುವಂತೆ ಜೀವವು ತನ್ನ ಕರ್ಮದ ಭಾರದಿಂದಲೇ ಅಲ್ಲಿಗಿಳಿಯುತ್ತದೆ. ಆಯುಷ್ಯ ಎಷ್ಟೇ ದೀರ್ಘವಾದರೂ ಅದು ಮುಗಿಯುತ್ತದೆ. ಶಾಶ್ವತ ನರಕವೆಂಬುದು ಅವರಲ್ಲಿಲ್ಲ.

ಪದವಿ ತರಗತಿಯಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು ಓದುವಾಗ ನನಗೆ ಅರ್ಥವಾಗದ ಸಂಗತಿಯೊಂದಿತ್ತು. 1209ರ ಆ ಕಾವ್ಯದಲ್ಲಿ ರಾಜನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಪ್ರಾಣವೇ ಇಲ್ಲದ ಹಿಟ್ಟಿನ ಕೋಳಿ! ಆದರೂ ಕೊಲ್ಲುವ ಸಂಕಲ್ಪದ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ನೋಯುತ್ತಾರೆ. ಕರ್ಮಗಳು ಸಂಕಲ್ಪದಿಂದಲೇ ಎಣಿಕೆಗೆ ಬರುತ್ತವೆಂಬ ನಮ್ಮ ಹದೀಸನ್ನು ಬಲ್ಲವನಿಗೆ ಇದರ ಅರ್ಧ ಹತ್ತಿರದ್ದೆನಿಸುತ್ತದೆ. ಉಳಿದರ್ಧ ದೂರದ್ದು. ಆ ವ್ಯವಸ್ಥೆಯಲ್ಲಿ ಪಶ್ಚಾತ್ತಾಪಪಟ್ಟು 'ನನ್ನನ್ನು ಕ್ಷಮಿಸು' ಎಂದು ಕೇಳಲು ಎದುರಿಗೆ ಒಬ್ಬನಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಪ್ರಶ್ನೆಯ ದಿಕ್ಕನ್ನೇ ಬದಲಿಸಿದರು. ಬಸವಣ್ಣನವರ ವಚನಗಳಲ್ಲಿ ಸ್ವರ್ಗನರಕಗಳು ಸತ್ತ ಮೇಲಿನ ಊರುಗಳಲ್ಲ. ಮನುಷ್ಯನ ನಡೆಯಲ್ಲಿ, ಇನ್ನೊಬ್ಬರನ್ನು ಕರೆಯುವ ಮಾತಿನಲ್ಲಿಯೇ ಅವು ಇವೆ. ಅದಕ್ಕೆ ವಿರುದ್ಧ ತುದಿಯಲ್ಲಿ ನಿಂತವರು ಉಡುಪಿಯ ಮಧ್ವಾಚಾರ್ಯರು. ಗಂಗಾವತಿ ತಾಲೂಕಿನ ಆನೆಗುಂದಿಯಲ್ಲಿ ತುಂಗಭದ್ರೆಯ ನಡುಗಡ್ಡೆಯ ಮೇಲಿರುವ ನವವೃಂದಾವನದಲ್ಲಿ ಅವರ ನೇರ ಶಿಷ್ಯ ಪದ್ಮನಾಭತೀರ್ಥರ ವೃಂದಾವನವಿದೆ. ವೇದಾಂತದ ಇತರ ಮತಗಳಲ್ಲಿ ನರಕವು ಬಂದು ಹೋಗುವ ಸ್ಥಿತಿ. ಮಧ್ವಮತವೊಂದೇ ಜೀವರಲ್ಲಿ ಮೂರು ವರ್ಗವಿದೆಯೆಂದೂ ಅದರಲ್ಲಿ ತಮೋಯೋಗ್ಯರಾದವರು ಅಂಧಂತಮಸ್ಸೆಂಬ ನಿತ್ಯನರಕವನ್ನು ಸೇರುವರೆಂದೂ ಹೇಳಿತು. ನರಕವೇಕೆ ಎಂದರೆ, ಆ ಜೀವರ ಅನಾದಿ ಸ್ವಭಾವವೇ ಹಾಗೆ. ಅದನ್ನು ದೇವರು ಹುಟ್ಟಿಸಿದ್ದಲ್ಲ. ಈ ಉತ್ತರದಿಂದ ದೇವರ ಮೇಲಿನ ಆಕ್ಷೇಪ ದೂರವಾಗುತ್ತದೆ, ನಿಜ. ಆದರೆ ಪ್ರತಿ ಶಿಶುವೂ ಶುದ್ಧ ಪ್ರಕೃತಿಯ ಮೇಲೆಯೇ ಹುಟ್ಟುತ್ತದೆಂದು ಪ್ರವಾದಿವರ್ಯರಿಂದ (ಸ) ಕಲಿತ ನಮಗೆ ಅದನ್ನು ಒಪ್ಪುವುದು ಸಾಧ್ಯವಿಲ್ಲ.

ಕ್ರೈಸ್ತರಲ್ಲಿಯೂ ಇದೇ ಜಗ್ಗಾಟವಿತ್ತು. ಮೂರನೆಯ ಶತಮಾನದ ಒರಿಜೆನ್ ಕೊನೆಗೆ ಎಲ್ಲರೂ ಶುದ್ಧಿಗೊಂಡು ದೇವರ ಬಳಿಗೆ ಮರಳುವರೆಂಬ ಆಶಯ ಹೊಂದಿದ್ದರೆ, ಅಗಸ್ಟಿನ್ ಅದನ್ನು ತಿರಸ್ಕರಿಸಿ ಶಾಶ್ವತ ಶಿಕ್ಷೆಯ ಪರ ವಾದಿಸಿದನು. ಪಶ್ಚಿಮದ ಚರ್ಚು ಅಗಸ್ಟಿನ್‌ನ ಹಿಂದೆ ನಡೆಯಿತು.

ಇನ್ನು ನಮ್ಮ ಮನೆಯ ಚರ್ಚೆಗೆ ಬರೋಣ. ಮುಸ್ಲಿಮರಲ್ಲಿ ಈ ವಾದ ಗ್ರಂಥಾಲಯದಲ್ಲಿ ಹುಟ್ಟಲಿಲ್ಲ, ರಣರಂಗದಲ್ಲಿ ಹುಟ್ಟಿತು. ಹಿಜರಿ 37ರ ಸಿಫ್ಫೀನ್ ಯುದ್ಧದಲ್ಲಿ ಮುಸ್ಲಿಮರೇ ಮುಸ್ಲಿಮರ ರಕ್ತ ಹರಿಸಿದಾಗ, ಮಹಾಪಾಪ ಮಾಡಿದ ವಿಶ್ವಾಸಿಯ ಗತಿಯೇನು ಎಂಬ ಪ್ರಶ್ನೆ ಎದ್ದಿತು. ಅವನು ಇಸ್ಲಾಮಿನಿಂದಲೇ ಹೊರಗಾದನು, ನರಕದಲ್ಲಿ ಶಾಶ್ವತ ಎಂದರು ಖವಾರಿಜರು. ತೀರ್ಪನ್ನು ಅಲ್ಲಾಹನಿಗೆ ಬಿಟ್ಟು ಮುಂದೂಡೋಣ ಎಂದರು ಮುರ್ಜಿಅಗಳು. ಹಸನ್ ಬಸರಿಯವರ (ರಹ್) ಸಭೆಯಿಂದ ಬೇರೆಯಾದರೆಂದು ಹೇಳಲಾಗುವ ವಾಸಿಲ್ ಬಿನ್ ಅತಾ ಎರಡರ ಮಧ್ಯದ ಸ್ಥಾನವೊಂದನ್ನು ಕಲ್ಪಿಸಿದರು. ಅವರಿಂದ ಬೆಳೆದ ಮುಅ್‌ತಝಿಲಾ ಪಂಥದ ತರ್ಕ ಹೀಗಿತ್ತು: ಅಲ್ಲಾಹನು ನ್ಯಾಯವಂತ, ಬಹುಮಾನದ ವಾಗ್ದಾನದಂತೆ ಶಿಕ್ಷೆಯ ಎಚ್ಚರಿಕೆಯನ್ನೂ ಅವನು ಈಡೇರಿಸಲೇಬೇಕು, ಆದ್ದರಿಂದ ನರಕವು ನ್ಯಾಯದ ಅನಿವಾರ್ಯ ಭಾಗ. ದಾಸರಿಗೆ ಅತ್ಯುತ್ತಮವಾದುದನ್ನು ಮಾಡುವುದು ಅವನ ಮೇಲೆ ಕಡ್ಡಾಯವೆಂದೂ ಅವರಲ್ಲಿ ಅನೇಕರು ಹೇಳಿದರು.

ಈ ತರ್ಕವನ್ನು ಅಲುಗಾಡಿಸಿದ್ದು ಮೂವರು ಸಹೋದರರ ಪ್ರಶ್ನೆ. ಬಸ್ರಾದ ಮುಅ್‌ತಝಿಲಾ ವಿದ್ವಾಂಸ ಅಬೂ ಅಲೀ ಜುಬ್ಬಾಈಯವರ ಬಳಿ ಅವರ ಶಿಷ್ಯ ಅಬುಲ್ ಹಸನ್ ಅಶ್‌ಅರೀ (ರಹ್) ಕೇಳಿದರೆಂದು ನಮ್ಮ ಗ್ರಂಥಗಳಲ್ಲಿ ಈ ಸಂವಾದ ಪ್ರಸಿದ್ಧವಾಗಿದೆ. ಒಬ್ಬ ಸಹೋದರ ಸಜ್ಜನನಾಗಿ, ಒಬ್ಬ ಧಿಕ್ಕಾರಿಯಾಗಿ ಸತ್ತರು. ಮೂರನೆಯವನು ಶೈಶವದಲ್ಲಿಯೇ ತೀರಿಕೊಂಡನು. ಅವರ ಗತಿಯೇನು? ಸಜ್ಜನನಿಗೆ ಸ್ವರ್ಗದ ಪದವಿ, ಧಿಕ್ಕಾರಿಗೆ ನರಕ, ಮಗುವಿಗೆ ಕೇವಲ ರಕ್ಷಣೆ ಎಂದರು ಗುರುಗಳು. ಅಣ್ಣನ ಪದವಿ ನನಗೇಕಿಲ್ಲ ಎಂದು ಮಗು ಕೇಳಿದರೆ? ನೀನು ಬೆಳೆದಿದ್ದರೆ ಪಾಪಿಯಾಗುತ್ತಿದ್ದೆ, ನಿನ್ನ ಹಿತಕ್ಕಾಗಿಯೇ ಬೇಗ ಕರೆಸಿಕೊಂಡೆ ಎಂದು ಅಲ್ಲಾಹನು ಹೇಳುವನು ಎಂದರು. ಆಗ ಅಶ್‌ಅರೀ ಕೇಳಿದರು: ಹಾಗಾದರೆ ನರಕದಲ್ಲಿರುವ ಆ ಇನ್ನೊಬ್ಬನು ಕೂಗಿ, ನನ್ನ ಗತಿಯೂ ನಿನಗೆ ತಿಳಿದಿತ್ತಲ್ಲ, ನನ್ನನ್ನೇಕೆ ಬಾಲ್ಯದಲ್ಲೇ ಕರೆಸಿಕೊಳ್ಳಲಿಲ್ಲ ಎಂದರೆ ಏನು ಉತ್ತರ? ಗುರುಗಳು ಮೌನವಾದರು.

ಈ ಸಂವಾದ ಹೀಗೆಯೇ ನಡೆಯಿತೇ ಎಂಬ ವಾದ ಬೇರೆ. ನಲವತ್ತರ ಆಸುಪಾಸಿನಲ್ಲಿ ಅಶ್‌ಅರೀ ಆ ಪಂಥವನ್ನು ಬಿಟ್ಟರೆಂಬುದು ಇತಿಹಾಸ. ಅವರ ನಿಲುವಿನಲ್ಲಿ ಅಲ್ಲಾಹನ ಮೇಲೆ ಯಾವುದೂ ಕಡ್ಡಾಯವಲ್ಲ. ಅವನು ಶಿಕ್ಷಿಸಿದರೆ ಅದು ನ್ಯಾಯ, ಕ್ಷಮಿಸಿದರೆ ಔದಾರ್ಯ. ಕಣದಷ್ಟು ವಿಶ್ವಾಸವಿದ್ದವನೂ ಕೊನೆಗೆ ಬೆಂಕಿಯಿಂದ ಹೊರಬರುವನೆಂಬ ಹದೀಸುಗಳನ್ನು ಅವರೂ, ಸಮರ್ಕಂದಿನ ಇಮಾಮ್ ಮಾತುರೀದಿಯವರೂ (ರಹ್) ಎತ್ತಿಹಿಡಿದರು. ನಮ್ಮ ಭಾಗದ ಹನಫೀ ಮದ್ರಸಗಳಲ್ಲಿ ಇಂದಿಗೂ ಮಾತುರೀದಿಯವರ ಮಾರ್ಗವನ್ನೇ ಓದಿಸುತ್ತೇವೆ.

ನರಕದ ಉದ್ದೇಶ ಪ್ರತೀಕಾರವಲ್ಲ, ಶುದ್ಧೀಕರಣ ಎಂಬ ಮಾತನ್ನು ಬಹಳ ದೂರ ಕೊಂಡೊಯ್ದವರು ದಮಾಸ್ಕಸ್ಸಿನ ಇಬ್ನುಲ್ ಕಯ್ಯಿಮ್ (ರಹ್, ಮರಣ ಹಿಜರಿ 751). ಔಷಧಿಯ ಕೆಲಸ ರೋಗ ಇರುವವರೆಗೆ. ಹೂದ್ ಅಧ್ಯಾಯದ 107ನೆಯ ಸೂಕ್ತದಲ್ಲಿ ನರಕವಾಸದ ಜೊತೆಗೇ ನಿನ್ನ ಪ್ರಭು ಬಯಸಿದ್ದರ ಹೊರತು ಎಂಬ ಅರ್ಥದ ಮಾತು ಬರುವುದನ್ನು ಮುಂದಿಟ್ಟು, ಬೆಂಕಿಯೇ ಒಂದು ದಿನ ಆರಬಹುದೇ ಎಂದು ಅವರು ಚರ್ಚಿಸಿದರು. ಅದೇ ನಗರದ ತಕಿಯುದ್ದೀನ್ ಸುಬ್ಕೀ (ರಹ್) ಅದರ ಖಂಡನೆಗಾಗಿ ಪ್ರತ್ಯೇಕ ಕೃತಿ ಬರೆದರು. ಸ್ವರ್ಗನರಕಗಳೆರಡೂ ಶಾಶ್ವತವೆಂಬುದೇ ಅಹ್ಲುಸ್ಸುನ್ನತಿನ ಬಹುಮತ; ನಾನು ಕಲಿಸುವುದೂ ಅದನ್ನೇ. ಆದರೆ ಭಿನ್ನವಾಗಿ ಯೋಚಿಸಿದವರು ಕುರ್‌ಆನನ್ನು ಬದಿಗಿಟ್ಟಲ್ಲ, ಅದನ್ನೇ ತೆರೆದಿಟ್ಟುಕೊಂಡು ಯೋಚಿಸಿದರು ಎಂಬುದನ್ನು ಮರೆಯಬಾರದು. ಇಬ್ನ್ ಅರಬಿಯವರು ನರಕವಾಸಿಗಳಿಗೆ ಕೊನೆಗೆ ಆ ವಾಸವೇ ಹಿತವಾಗುವುದೆಂದು ಬರೆದರು. ಅವರ ಚಿಂತನೆಯನ್ನು ಕಟುವಾಗಿ ವಿಮರ್ಶಿಸಿದವರಲ್ಲಿ ಕಲಬುರಗಿಯ ಖ್ವಾಜಾ ಬಂದಾನವಾಝರೂ (ರಹ್, ಮರಣ ಹಿಜರಿ 825) ಒಬ್ಬರು. 1929ರ ಜನವರಿಯಲ್ಲಿ ಬೆಂಗಳೂರು, ಮೈಸೂರುಗಳಿಗೆ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರ ಸಮಾಧಿಯ ಮುಂದೆ ನಿಂತ ಅಲ್ಲಾಮಾ ಇಕ್ಬಾಲ್ ಕೂಡ, ಮರುವರ್ಷ ಪ್ರಕಟವಾದ ತಮ್ಮ ಉಪನ್ಯಾಸಗಳಲ್ಲಿ, ನರಕವು ಸೇಡಿನ ದೇವರ ಚಿತ್ರಹಿಂಸೆಯ ಕೂಪವಲ್ಲ, ಕಲ್ಲಾದ ಅಹಂ ಮತ್ತೆ ಮೃದುವಾಗುವ ತಿದ್ದುಪಡಿಯ ಅನುಭವ ಎಂದು ವಾದಿಸಿದರು.

ಇದೆಲ್ಲ ಸರಿ, ಹಾಲು ಕೊಟ್ಟ ಅಜ್ಜಿ? ಅವರ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಇಮಾಮ್ ಗಝಾಲಿಯವರ (ರಹ್, ಮರಣ ಹಿಜರಿ 505) 'ಫೈಸಲುತ್ತಫ್ರಿಕಾ' ಎಂಬ ಪುಟ್ಟ ಗ್ರಂಥ. ಸಂದೇಶವಾಹಕನನ್ನು ಕಳುಹಿಸುವ ಮುನ್ನ ಅಲ್ಲಾಹನು ಯಾರನ್ನೂ ಶಿಕ್ಷಿಸುವುದಿಲ್ಲವೆಂಬುದು ಬನೀ ಇಸ್ರಾಈಲ್ ಅಧ್ಯಾಯದ 15ನೆಯ ಸೂಕ್ತದ ಸಾರ. ಇದರ ಬೆಳಕಿನಲ್ಲಿ ಇಮಾಮರು ಇತರರನ್ನು ಮೂರಾಗಿ ವಿಂಗಡಿಸಿದರು. ಪ್ರವಾದಿಯ (ಸ) ಹೆಸರನ್ನೇ ಕೇಳದವರು ಕ್ಷಮಾರ್ಹರು. ಅವರ ನಡತೆ, ಪವಾಡಗಳನ್ನು ಕಣ್ಣಾರೆ ಬಲ್ಲವರಂತೆ ತಿಳಿದೂ ಧಿಕ್ಕರಿಸಿದವರು ಹೊಣೆಗಾರರು. ಮೂರನೆಯ ವರ್ಗದವರು ಹೆಸರನ್ನೇನೋ ಕೇಳಿದ್ದಾರೆ, ಆದರೆ ಬಾಲ್ಯದಿಂದಲೂ ತಿರುಚಿದ ರೂಪದಲ್ಲಿ ಕೇಳಿದ್ದಾರೆ, ಅವರೂ ಮೊದಲನೆಯವರಂತೆಯೇ. ತಮ್ಮ ಕಾಲದ ರೂಮ್ ದೇಶದ ಕ್ರೈಸ್ತರಲ್ಲಿಯೂ ತುರ್ಕರಲ್ಲಿಯೂ ಹೆಚ್ಚಿನವರನ್ನು ಅಲ್ಲಾಹನ ಕರುಣೆ ಆವರಿಸುವುದೆಂದು ಅವರು ಬರೆದರು. ಶಿಲುಬೆಯ ಯುದ್ಧಗಳು ನಡೆದಿದ್ದ ಕಾಲದ ವಿದ್ವಾಂಸರೊಬ್ಬರ ಲೇಖನಿಯಿಂದ ಇದು ಬಂತು ಎಂಬುದನ್ನು ಗಮನಿಸಬೇಕು. ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ನಮ್ಮ ನೆರೆಯವರು ಇಸ್ಲಾಮನ್ನು ಯಾವ ರೂಪದಲ್ಲಿ ಕಂಡಿದ್ದಾರೆ? ತಿರುಚಿದವರಲ್ಲಿ ನಾವೂ ಇಲ್ಲವೇ?

ಮರುದಿನ ಆ ಹುಡುಗಿಗೆ ಇಷ್ಟೇ ಹೇಳಿದೆ: "ಬೇಟೀ, ಯಾರು ಬೆಂಕ್ಯಾಗ ಅದಾರ ಅಂತ ಹೇಳೋ ಅಧಿಕಾರ ನನಗಿಲ್ಲ, ನಿನಗಿಲ್ಲ. ಅಲ್ಲಾಹ್ ಯಾರ ಮ್ಯಾಲೂ ಸಾಸಿವಿಕಾಳಷ್ಟೂ ಅನ್ಯಾಯ ಮಾಡಂಗಿಲ್ಲ. ಅಜ್ಜಿ ಕೊಟ್ಟ ಹಾಲು ಅವನಿಗೂ ಗೊತ್ತೈತಿ." ನರಕ ಯಾಕೆ ಎಂಬುದಕ್ಕೆ ಅರ್‌ರಹ್ಮಾನ್ ಅಧ್ಯಾಯವನ್ನು ಓದಿಸಿದೆ. ಅಲ್ಲಿ ನರಕದ ಪ್ರಸ್ತಾಪವಾದ ಬೆನ್ನಲ್ಲೇ, ನಿಮ್ಮ ಪ್ರಭುವಿನ ಯಾವ ಅನುಗ್ರಹವನ್ನು ಅಲ್ಲಗಳೆಯುವಿರಿ ಎಂಬ ಪ್ರಶ್ನೆ ಮರಳಿ ಬರುತ್ತದೆ. ಬೆಂಕಿ ಹೇಗೆ ಅನುಗ್ರಹವಾದೀತು? ಎಚ್ಚರಿಕೆಯೇ ಅನುಗ್ರಹ ಎಂದಿದ್ದಾರೆ ವ್ಯಾಖ್ಯಾನಕಾರರು. ಬಾವಿಯ ದಂಡೆಯಲ್ಲಿ ಆಡುವ ತಮ್ಮನಿಗೆ ನೀನು ಗದರುವುದಿಲ್ಲವೇ ಎಂದಾಗ ಅವಳು ತಲೆಯಾಡಿಸಿದಳು. ಪೂರ್ತಿ ಒಪ್ಪಿದಳೆಂದು ನನಗನಿಸಲಿಲ್ಲ.

ಅಂದಿನಿಂದ ಪಾಠದ ಕ್ರಮವನ್ನು ಬದಲಿಸಿದ್ದೇನೆ. ಅಲ್ಲಾಹನು ಕರುಣೆಯನ್ನು ನೂರು ಪಾಲು ಮಾಡಿ ಒಂದನ್ನಷ್ಟೇ ಭೂಮಿಗೆ ಇಳಿಸಿ, ತೊಂಬತ್ತೊಂಬತ್ತನ್ನು ತನ್ನ ಬಳಿ ಇಟ್ಟುಕೊಂಡನೆಂದೂ, ಕುದುರೆ ತನ್ನ ಮರಿಯನ್ನು ತುಳಿಯದಂತೆ ಗೊರಸನ್ನೆತ್ತುವುದು ಆ ಒಂದು ಪಾಲಿನಿಂದಲೇ ಎಂದೂ ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿರುವ ಹದೀಸನ್ನು ಮೊದಲ ದಿನ ಹೇಳುತ್ತೇನೆ. ಬೆಂಕಿಯ ಪಾಠವನ್ನು ಬಿಟ್ಟಿಲ್ಲ. ಅದು ಮೂರನೆಯ ವಾರ ಬರುತ್ತದೆ.