ಗಿಟಾರಿಗೂ ಮುಂಚಿನ ದನಿ

ಇಂಗ್ಲೆಂಡಿನ ಹಳೆಯ ಜನಪದ ಹಾಡುಗಳನ್ನು ಒಬ್ಬರೇ ನಿಂತು ಹಾಡಬೇಕೆಂದು ಹೊರಟ ಹೊಸಬರು ಸಾಮಾನ್ಯವಾಗಿ ವಾದ್ಯದಿಂದ ಶುರುಮಾಡುತ್ತಾರೆ: ಯಾವ ಗಿಟಾರು, ಯಾವ ಶ್ರುತಿ? ಈ ಗಾಯನ ಬೆಳೆದುಬಂದ ದಾರಿ ನೋಡಿದರೆ ಆ ಪ್ರಶ್ನೆ ಹುಟ್ಟಿದ್ದೇ ಬಹಳ ತಡವಾಗಿ. 1903ರಲ್ಲಿ ಸಾಮರ್‌ಸೆಟ್ ಪ್ರಾಂತದ ಹ್ಯಾಂಬ್ರಿಜ್ ಹಳ್ಳಿಯಲ್ಲಿ ಜಾನ್ ಇಂಗ್ಲೆಂಡ್ ಎಂಬ ತೋಟಗಾರ ಹಾಡಿದ್ದನ್ನು ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಬರೆದುಕೊಂಡಾಗ ಅಲ್ಲಿದ್ದದ್ದು ಬರಿಯ ಕಂಠ. ಪಿಯಾನೊ ಬಂದು ಕೂಡಿಕೊಂಡದ್ದು ಶಾರ್ಪ್ ಅವರ ಕೈಯಿಂದ. ಮೂರು ವರ್ಷಗಳ ನಂತರ ಪರ್ಸಿ ಗ್ರೇಂಜರ್ ಲಿಂಕನ್‌ಶೈರಿಗೆ ಫೋನೋಗ್ರಾಫ್ ಹೊತ್ತುಕೊಂಡು ಹೋಗಿ, ಎಪ್ಪತ್ತು ದಾಟಿದ್ದ ಜೋಸೆಫ್ ಟೇಲರ್ ಅವರ ದನಿಯನ್ನು ಮೇಣದ ಉರುಳೆಯಲ್ಲಿ ಹಿಡಿದರು. ಅದನ್ನು ಮತ್ತೆ ಮತ್ತೆ ಕೇಳಿ ಸ್ವರಲಿಪಿಗೆ ಇಳಿಸುವಾಗ ಅವರ ಕಿವಿಗೆ ಬಿದ್ದದ್ದು ಮುಖ್ಯ: ಇಂಥ ಹಾಡುಗಾರರು ಒಂದು ನುಡಿಯನ್ನು ಹಾಡಿದಂತೆ ಇನ್ನೊಂದನ್ನು ಹಾಡುವುದಿಲ್ಲ. ಮಾತು ಜಗ್ಗಿದ ಕಡೆ ತಾಳ ಹಿಗ್ಗುತ್ತದೆ, ಧಾಟಿ ಕೊಂಚ ವಾಲುತ್ತದೆ. ಪಕ್ಕದಲ್ಲಿ ಇನ್ನೊಬ್ಬರ ಹೆಜ್ಜೆಗೆ ಹೊಂದಿಕೊಳ್ಳಬೇಕಾಗಿಲ್ಲದ ಗಾಯಕನಿಗೆ ಮಾತ್ರ ಈ ಸಲಿಗೆ ಸುಲಭ. ಹಾಗಾಗಿ ಒಂಟಿತನವನ್ನು ಇಲ್ಲಿ ವಾದ್ಯಗೋಷ್ಠಿ ಇಲ್ಲದ ಬಡತನವೆಂದು ಎಣಿಸಬೇಕಿಲ್ಲ. ಹಾಡಿನ ಕಟ್ಟಡವೇ ಅದರ ಮೇಲೆ ನಿಂತಿದೆ.

ವೇದಿಕೆಯ ಮೇಲಿನ ಒಂಟಿ ಗಾಯಕ ಮಾತ್ರ 1950ರ ದಶಕದಿಂದೀಚಿನ ಸೃಷ್ಟಿ. ಪಬ್ಬಿನ ಮಹಡಿಯ ಕೋಣೆಗಳಲ್ಲಿ ಜಾನಪದ ಕ್ಲಬ್ಬುಗಳು ತಲೆಯೆತ್ತಿದವು. ಅತಿಥಿ ಗಾಯಕರ ಸರದಿಗೆ ಮುಂಚೆ ಸಭೆಯಿಂದಲೇ ಎದ್ದು ಬಂದವರು ಒಂದೆರಡು ಹಾಡು ಹೇಳುವ ರೂಢಿ ಬೆಳೆಯಿತು. ಕಾನೂನೂ ತಿಳಿಯದೆಯೇ ನೆರವಾಯಿತು: 1964ರ ಪರವಾನಗಿ ಕಾಯ್ದೆಯ ಪ್ರಕಾರ ಪಬ್ಬಿನಲ್ಲಿ ಇಬ್ಬರವರೆಗೆ ಹಾಡಿದರೆ ಮನರಂಜನೆಯ ಪ್ರತ್ಯೇಕ ಪರವಾನಗಿ ಬೇಕಿರಲಿಲ್ಲ. ಅಮೆರಿಕದ ಹಾಡುಗಳ ಜೊತೆ ಬಂದ ಗಿಟಾರು ಆ ಹೊತ್ತಿಗೆ ಎಲ್ಲರ ಕೈಯಲ್ಲಿತ್ತು. ತೊಡಕು ಹುಟ್ಟಿದ್ದು ಅಲ್ಲೇ. ಎಷ್ಟೋ ಇಂಗ್ಲಿಷ್ ಧಾಟಿಗಳು ಮೇಜರ್, ಮೈನರ್ ಎಂಬ ಎರಡು ಗೂಡುಗಳಿಗೆ ಸರಿಯಾಗಿ ಕೂರುವುದಿಲ್ಲ. ಮೂರು ಕಾರ್ಡು ಮೀಟಿದರೆ ಧಾಟಿಯ ಬಾಗು ನೆಟ್ಟಗಾಗಿಬಿಡುತ್ತದೆ. ಡೇವಿ ಗ್ರಹಾಂ ತಂತಿಗಳ ಶ್ರುತಿಯನ್ನೇ ಬದಲಿಸಿ, 1964ರಲ್ಲಿ ಶರ್ಲಿ ಕಾಲಿನ್ಸ್ ಜೊತೆಗಿನ ಧ್ವನಿಮುದ್ರಿಕೆಯಲ್ಲಿ ಬೇರೊಂದು ದಾರಿ ತೋರಿಸಿದರು. 1965ರಲ್ಲಿ ಮೊದಲ ಧ್ವನಿಮುದ್ರಿಕೆ ತಂದ ಮಾರ್ಟಿನ್ ಕಾರ್ತಿ ಬರಬರುತ್ತ ಗಿಟಾರಿನಲ್ಲಿ ಧಾಟಿಯನ್ನೇ ನುಡಿಸಿ, ಕಾರ್ಡುಗಳನ್ನು ಹಿಂದೆ ಸರಿಸಿದರು. ನಿಕ್ ಜೋನ್ಸ್ ಅವರ 1980ರ ‘ಪೆಂಗ್ವಿನ್ ಎಗ್ಸ್’ ಈ ಬೆಳವಣಿಗೆಯ ಶಿಖರವೆಂಬುದು ನನ್ನ ಎಣಿಕೆ. ಇವರೆಲ್ಲ ವಾದ್ಯಕ್ಕೆ ಕಲಿಸಿದ್ದು ದನಿಯ ಬೆನ್ನುಹತ್ತುವುದನ್ನು. ಗಾಯಕಿ ಆನ್ ಬ್ರಿಗ್ಸ್ ಅವರಂಥವರಿಗಂತೂ ಹಲವು ಸಲ ವಾದ್ಯವೇ ಬೇಕಾಗಲಿಲ್ಲ.

ಪಬ್ಬಿನ ಹಾಡು ಎಂದೂ ಒಂಟಿಯಾಗಿರಲಿಲ್ಲ, ಪಲ್ಲವಿಗೆ ಇಡೀ ಕೋಣೆ ದನಿಗೂಡಿಸುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ರಾಟಿಂಗ್‌ಡೀನಿನ ಕಾಪರ್ ಮನೆತನ ತಲೆಮಾರುಗಳಿಂದ ಎರಡು ದನಿಗಳಲ್ಲಿ ಹೆಣೆದು ಹಾಡಿದೆ. ಆದರೆ ಅವರಿಗೆ ಅಷ್ಟು ಹೆಸರು ಬಂದದ್ದು ಆ ಹೆಣಿಗೆ ಅಪರೂಪವಾಗಿದ್ದರಿಂದಲೂ ಹೌದು. ಉಳಿದೆಡೆ ಕಥೆಯ ನುಡಿಗಳು ಬಹುಪಾಲು ಒಬ್ಬರವು, ಪಲ್ಲವಿಯಷ್ಟೇ ಊರಿನದು. ಇನ್ನೂ ಗಟ್ಟಿಯಾದ ಆಕ್ಷೇಪ ಡೇವ್ ಹಾರ್ಕರ್ 1985ರ ‘ಫೇಕ್‌ಸಾಂಗ್’ ಪುಸ್ತಕದಲ್ಲಿ ಎತ್ತಿದ್ದು: ‘ಜನಪದ ಹಾಡು’ ಎಂಬುದೇ ಮಧ್ಯಮವರ್ಗದ ಸಂಗ್ರಾಹಕರು ತಮ್ಮ ರುಚಿಗೆ ತಕ್ಕಂತೆ ಆಯ್ದು ತಿದ್ದಿದ ಸರಕು. ಶಾರ್ಪ್ ಅಶ್ಲೀಲವೆನಿಸಿದ್ದನ್ನು ತಿದ್ದಿ ಅಚ್ಚುಹಾಕಿದ್ದು ಸುಳ್ಳಲ್ಲ. ಆದರೆ ಈ ವಾದದ ಪೆಟ್ಟು ಬೀಳುವುದು ಪುಸ್ತಕಗಳ ಮೇಲೆ. ಟೇಲರ್ ಅವರ ದನಿ, ನಾರ್ಫೋಕಿನ ಹೊಲದಾಳು ಹ್ಯಾರಿ ಕಾಕ್ಸ್ ಅವರ ದನಿ ಧ್ವನಿಮುದ್ರಣವಾಗಿ ಉಳಿದಿವೆ. ಆ ಉಸಿರಾಟವನ್ನು ಯಾವ ಸಂಗ್ರಾಹಕನೂ ತಿದ್ದಲಿಲ್ಲ.

ಇಂದು ಸ್ಟೀವ್ ರೌಡ್ ಸಿದ್ಧಪಡಿಸಿದ ಸೂಚಿಯಲ್ಲಿ ಒಂದು ಸಂಖ್ಯೆ ಹುಡುಕಿದರೆ ಒಂದೇ ಹಾಡಿನ ಹತ್ತಾರು ಪಾಠಗಳ ಜಾಡು ಸಿಗುತ್ತದೆ. ಲಂಡನ್ನಿನ ವಾನ್ ವಿಲಿಯಮ್ಸ್ ಸ್ಮಾರಕ ಗ್ರಂಥಾಲಯ ಹಸ್ತಪ್ರತಿಗಳನ್ನು ಅಂತರ್ಜಾಲಕ್ಕೆ ಏರಿಸಿದೆ. ಹಾಡು ಹುಡುಕುವ ಕಷ್ಟ ಹೋಗಿ ಆರಿಸುವ ಕಷ್ಟ ಬಂದಿದೆ. ಕಾಗದದಲ್ಲಿ ಸೊಗಸಾಗಿ ಕಂಡ ಪಾಠ ನಾಲಿಗೆಯ ಮೇಲೆ ತೊದಲಬಹುದು, ಹನ್ನೆರಡು ನುಡಿಗಳ ಕಥೆಗೆ ಎಂಟೇ ಸಾಕಾಗಬಹುದು. ಅದು ಗೊತ್ತಾಗುವುದು ಗಿಟಾರನ್ನು ಗೋಡೆಗೆ ಒರಗಿಸಿ, ಕ್ಲಬ್ಬಿನಲ್ಲಿ ಸಿಕ್ಕ ಆ ಎರಡು ಹಾಡಿನ ಸರದಿಯಲ್ಲಿ ಒಂದನ್ನಾದರೂ ಬರಿಗಂಠದಲ್ಲಿ ಹಾಡಿ, ಪಲ್ಲವಿಯನ್ನು ಸಭೆ ಎಲ್ಲಿ ಎತ್ತಿಕೊಂಡಿತು, ಎಲ್ಲಿ ಕೈಬಿಟ್ಟಿತು ಎಂದು ಕೇಳಿಸಿಕೊಂಡಾಗ.